ಎಸರು ಮರಳುತ್ತಿತ್ತು, ಅಮ್ಮ ಮರೆತರು

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: ತಾಯಿಗೆ ಸ್ತನ ಕ್ಯಾನ್ಸರ್. ನಾಲ್ಕು ಕೀಮೋ ಮುಗಿದಿದೆ, ಇನ್ನು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧ ಶುರುವಾಗಬೇಕು. ನಲವತ್ತು ವರ್ಷ ಮುದ್ದೆ ಮಾಡಿದ ಕೈ. ಮೊನ್ನೆ ಎಸರು ಮರಳುತ್ತಿದ್ದರೂ ಹಿಟ್ಟಿನ ಡಬ್ಬ ಹಿಡಿದುಕೊಂಡು ‘ಮುಂದೇನು?’ ಎಂದು ನಿಂತುಬಿಟ್ಟರಂತೆ. ಪರಿಚಯದವರು ‘ಬರೀ ವಿಟಮಿನ್, ಕೀಮೋದಿಂದ ಮೆದುಳು ಕಾಪಾಡುತ್ತೆ’ ಎಂದು 3,200 ರೂಪಾಯಿಯ ಪುಡಿ ಕೊಡಿಸಿದ್ದಾರೆ. ಅದರಲ್ಲಿ ಎನ್‌ಎಂಎನ್, ಅಸಿಟೈಲ್ ಕಾರ್ನಿಟಿನ್ ಇದೆ. ಕೊಡಬಹುದಾ?

ಈಗ ಬೇಡ. ಸೀಲ್ ಒಡೆಯಬೇಡಿ.

ಅಮ್ಮನಿಗೆ ಆಗಿರುವುದು ಅರಳುಮರಳು ಅಲ್ಲ. ಡಾಕ್ಟರುಗಳು ‘ಕೀಮೋ ಬ್ರೈನ್’ ಅನ್ನುತ್ತಾರಲ್ಲ, ಬಹುಶಃ ಅದು. ಹೆಸರು ನಾಲಿಗೆ ತುದಿಯಲ್ಲೇ ಉಳಿಯುತ್ತದೆ, ಕೈಲಿದ್ದ ಕೆಲಸ ಅರ್ಧಕ್ಕೆ ಮರೆಯುತ್ತದೆ. ಔಷಧದ ಜೊತೆಗೆ ನಿದ್ದೆಗೇಡು, ರಕ್ತ ಕಮ್ಮಿಯಾಗುವುದು, ಹೆದರಿಕೆಯೂ ಸೇರಿಕೊಳ್ಳುತ್ತವೆ. ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರು ನಿಧಾನವಾಗಿ ಸುಧಾರಿಸುತ್ತಾರೆ. ಕೆಲವರಿಗೆ ವರ್ಷಗಟ್ಟಲೆ ಉಳಿಯುವುದೂ ಉಂಟು.

ಪುಡಿ ಕೊಡಿಸಿದವರ ಮಾತು ಪೂರ್ತಿ ಸುಳ್ಳಲ್ಲ. ಎನ್‌ಎಂಎನ್ ಬಿ3 ವಿಟಮಿನ್ನಿನ ಬಳಗದ್ದು. ಅಮೆರಿಕದ ಮೇಯೊ ಕ್ಲಿನಿಕ್‌ನವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಜೊತೆ ಇದನ್ನೂ ಪಡೆದ ಇಲಿಗಳ ನೆನಪು ಕೆಡಲಿಲ್ಲ. ಆದರೆ ಅವು ಇಲಿ. ಔಷಧವೂ ಬೇರೆ.

ಕಾರ್ನಿಟಿನ್‌ದು ನಿಮ್ಮ ಮನೆಗೆ ಇನ್ನೂ ಹತ್ತಿರದ ಕಥೆ. ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಔಷಧದಿಂದ ಕೈಕಾಲು ಜೋಮು ಹಿಡಿಯುತ್ತದೆ. ಅದನ್ನು ತಡೆಯಬಹುದೇನೋ ಎಂದು ಸ್ತನ ಕ್ಯಾನ್ಸರ್ ಇದ್ದ 409 ಹೆಂಗಸರಲ್ಲಿ ಕೆಲವರಿಗೆ ಕಾರ್ನಿಟಿನ್, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ ಕೊಟ್ಟು ನೋಡಿದರು. ಫಲಿತಾಂಶ ಬಂದದ್ದು 2013ರಲ್ಲಿ. 24 ವಾರ ಕಳೆದಾಗ ಕಾರ್ನಿಟಿನ್ ತಿಂದವರಿಗೇ ತೊಂದರೆ ಜಾಸ್ತಿ! ನಿಮ್ಮ ಡಬ್ಬದಲ್ಲಿರುವುದು ಅದೇ ಸಾಮಾನು.

‘ಬರೀ ವಿಟಮಿನ್’ ಅಂದಾಗಲೆಲ್ಲ ನನಗೆ ಪಕ್ಕದ ಆಂಧ್ರದ, ಭೀಮಾವರಂನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ನೆನಪಾಗುತ್ತಾರೆ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ಜಾತಿಯ ಮದ್ದು ಕೊಟ್ಟಾಗ ರೋಗವೇ ಜೋರಾದಂತೆ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್‌ಗೆ ಕಂಡಿತ್ತು. ಹಾಗಾದರೆ ಆ ವಿಟಮಿನ್ನಿಗೆ ಅಡ್ಡಗಾಲು ಹಾಕಿದರೆ? ಸುಬ್ಬರಾವ್ ತಂಡ ಮಾಡಿಕೊಟ್ಟ ಅಮಿನೊಪ್ಟರಿನ್‌ನಿಂದ ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಮ್ಮೆಟ್ಟಿತು. ಅದು ಪ್ರಕಟವಾದದ್ದು 1948ರಲ್ಲಿ. ಇವತ್ತಿಗೂ ಕೊಡುವ ಕ್ಯಾನ್ಸರ್ ಔಷಧ ಮೆಥೊಟ್ರೆಕ್ಸೇಟ್ ಅದರ ತಮ್ಮ. ಅದಕ್ಕೇ ‘ವಿಟಮಿನ್ ತಾನೇ’ ಅಂತ ಕ್ಯಾನ್ಸರಿನಲ್ಲಿ ಸುಮ್ನೆ ನುಂಗುವ ಹಾಗಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಡಬ್ಬ ಚೀಲದಲ್ಲಿರಲಿ. ಎಸರಿನ ವಿಷಯವನ್ನೂ ಬಿಡದೆ ಹೇಳಿ. ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ನೋಡಬೇಕಾ ಎಂದು ಕೇಳಿ. ಕೊರತೆ ಕಂಡರೆ ಅವರೇ ಬರೆದುಕೊಡುತ್ತಾರೆ. ಸುಸ್ತು ಕಮ್ಮಿ ಇದ್ದ ದಿನ ಅಮ್ಮನ ಜೊತೆ ಸಂಜೆ ಸ್ವಲ್ಪ ದೂರ ನಡೆಯಿರಿ. ಅಡುಗೆಮನೆಯಿಂದ ಮಾತ್ರ ಅವರನ್ನು ಎಬ್ಬಿಸಬೇಡಿ. ಮುದ್ದೆ ಅವರೇ ಮಾಡಲಿ, ಒಲೆ ಹತ್ತಿರ ನೀವಿರಿ.

ಅಂಗಡಿ ಬಿಲ್ ಇದೆಯಾ? ಸೀಲ್ ಹಾಗೇ ಇದ್ದರೆ ವಾಪಸ್ ತಗೋಬಹುದು, ಕೇಳಿ ನೋಡಿ.

– ಸಂ.