ಬೋಕಿಯೂ ಪಳೆಯುಳಿಕೆಯೇ?

ಪ್ರಶ್ನೆ: ಹೊಲ ಉಳುವಾಗ ಒಳಗೆ ಕಪ್ಪು, ಹೊರಗೆ ಕೆಂಪಾದ ಮಡಕೆ ಚೂರು (ಬೋಕಿ) ಸಿಕ್ಕಿವೆ. ಇವನ್ನು ಪಳೆಯುಳಿಕೆ ಎನ್ನಬೇಕೋ, ಅವಶೇಷವೋ? ತೊಳೆದಿಡಬಹುದೇ?
– ಓದುಗರು, ಮೊಳಕಾಲ್ಮೂರು

ಉತ್ತರ: ಪಳೆಯುಳಿಕೆ ಅಲ್ಲವೇ ಅಲ್ಲ. ಪತ್ರಿಕೆಗಳಲ್ಲೂ ಈ ತಪ್ಪು ಕಾಣುತ್ತದೆ. ಕಲ್ಲಾದ ಮೂಳೆ, ಚಿಪ್ಪು, ಎಲೆಯಚ್ಚು, ಅಂದರೆ ಜೀವಿಗಳ ಗುರುತಿಗೆ ಆ ಪದ ಮೀಸಲು. ಮನುಷ್ಯ ಮಾಡಿದ್ದು ಪ್ರಾಚ್ಯವಸ್ತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದು ಸಾಮಾನ್ಯವಾಗಿ ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಕುಸಿದ ಗೋಡೆ, ಒಲೆಯ ಬೂದಿ ಅವಶೇಷ. ಕುರುಹು ಇನ್ನೂ ಸೂಕ್ಷ್ಮ: ಮರದ ಕಂಬ ಕೊಳೆತು ಹೋದ ಕಡೆ ಬರೀ ಕಪ್ಪು ಮಣ್ಣಿನ ದುಂಡು ಕಲೆ ಉಳಿದಿರುತ್ತದೆ. ಅದನ್ನು ಎತ್ತಿಕೊಳ್ಳಲಾಗದು, ಗುದ್ದಲಿ ಬಿದ್ದರೆ ಮುಗಿಯಿತು.

ನಿಮ್ಮ ಚೂರಿನ ಎರಡು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಒಳಭಾಗ, ಬಾಯಂಚು ಕಪ್ಪಾಗುತ್ತವೆ. ಗಾಳಿ ತಗುಲಿದ ಹೊರಮೈ ಕೆಂಪಾಗುತ್ತದೆ. ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾಗೋರಿಗಳ ಜೊತೆ ಇಂಥ ಮಡಕೆಗಳೇ ಸಿಕ್ಕವು. ಕೆಳಪದರದಲ್ಲಿದ್ದದ್ದು ನಯಗೊಳಿಸಿದ ಕಲ್ಲುಕೊಡಲಿ. ಯಾವುದು ಯಾವುದರ ಕೆಳಗಿತ್ತು ಎಂಬುದರಿಂದಲೇ ಕಾಲದ ಅನುಕ್ರಮ ತಿಳಿದದ್ದು.

ಆದ್ದರಿಂದ ದಯವಿಟ್ಟು ಇನ್ನು ಅಗೆಯಬೇಡಿ. ತೊಳೆಯಲೂ ಬೇಡಿ: ಗೀಚಿದ ಗುರುತು, ಒಳಗಂಟಿದ ಅಡುಗೆಯ ಕರಿ ಉಜ್ಜಿದರೆ ಹೋಗುತ್ತವೆ. ನೆರಳಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸರ್ವೆ ನಂಬರ್, ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಎಂದು ಚೀಟಿ ಬರೆದು ಜೊತೆಗಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಿ.