ಆಟೋ ಮೈಕ್, ಫ್ಲೆಕ್ಸ್: ನಿಮ್ಮ ರಾಜ್ಯೋತ್ಸವದ ಪ್ರಶ್ನೆಗೆ

ನವೆಂಬರ್ 1ರ ಕಾರ್ಯಕ್ರಮದ ಸುದ್ದಿ ಊರಿಗೆಲ್ಲ ಮುಟ್ಟಿಸುವುದು ಹೇಗೆ, ಮೈಕ್‌ಗೆ ಅನುಮತಿ ಬೇಕಾ ಅಂತ ಕೇಳಿದ್ದೀರಿ. ಬೇಕು. ಆಟೋಗೆ ಮೈಕ್ ಕಟ್ಟಿ ಸುತ್ತಾಡಿಸುವುದಿದ್ದರೂ ಬೇಕು. ಮೊದಲು ನಿಮ್ಮ ಪೊಲೀಸ್ ಠಾಣೆಯಲ್ಲಿ ಕೇಳಿ. ಅರ್ಜಿಯಲ್ಲಿ ದಿನ, ಜಾಗ, ಸಮಯ ಬರೆದು ಒಂದು ವಾರ ಮೊದಲೇ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ, ಇದು 2000ದ ಶಬ್ದ ಮಾಲಿನ್ಯ ನಿಯಮ. ಹಾಗಾಗಿ ಆರ್ಕೆಸ್ಟ್ರಾ ಇಟ್ಟಿದ್ದರೆ ಭಾಷಣ ಕಡಿಮೆ ಮಾಡಿ. (ಭಾಷಣ ಕಡಿಮೆಯಾದರೆ ಯಾರೂ ಬೇಜಾರಾಗಲ್ಲ ಬಿಡಿ!)

ಫ್ಲೆಕ್ಸ್ ಆಸೆ ಬಿಟ್ಟುಬಿಡಿ. ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಬಟ್ಟೆ ಬ್ಯಾನರ್ ಬರೆಸಿ, ಅದಕ್ಕೂ ಪಟ್ಟಣ ಪಂಚಾಯಿತಿಯ ಒಪ್ಪಿಗೆ ತಗೊಳ್ಳಿ.

ಜನ ಸೇರಬೇಕು ಅಂದ್ರೆ ಸಂತೆ ದಿನ ಆಟೋ ಬಿಡಿ. ಸುತ್ತಲಿನ ಹಳ್ಳಿಯವರೂ ಅವತ್ತೇ ಸಿಗುತ್ತಾರೆ. ಕರಪತ್ರವನ್ನು ಪೇಪರ್ ಹಾಕುವ ಹುಡುಗರ ಕೈಗೆ ಕೊಡಿ. ಹಾಲಿನ ಡೈರಿ, ಹೋಟೆಲ್ ಗಲ್ಲಾಪೆಟ್ಟಿಗೆ ಪಕ್ಕ ಒಂದೊಂದು ಅಂಟಿಸಿ. ವಾಟ್ಸಾಪ್ ಸಾಲದು, ಅದರಲ್ಲಿ ಗುಡ್ ಮಾರ್ನಿಂಗ್ ಹೂವಿನ ಕೆಳಗೆ ನಿಮ್ಮ ಸುದ್ದಿ ಮುಚ್ಚಿಹೋಗುತ್ತೆ.

ಪ್ರೂಫ್ ಮಾತ್ರ ಇಬ್ಬರು ನೋಡಿ. ನಾವೊಮ್ಮೆ ಕರಪತ್ರದಲ್ಲಿ ಅತಿಥಿಗಳ ಹೆಸರು, ಫೋಟೋ ಎಲ್ಲಾ ಹಾಕಿಸಿ, ‘6 ಗಂಟೆಗೆ’ ಅಂತಷ್ಟೇ ಅಚ್ಚು ಮಾಡಿಸಿದ್ದೆವು. ಸಂಜೆ ಅನ್ನೋದೇ ಇರಲಿಲ್ಲ. ಬೆಳಿಗ್ಗೆ ಆರಕ್ಕೇ ಇಬ್ಬರು ಅಜ್ಜಂದಿರು ಶಾಲು ಹೊದ್ದು ಬಂದು ಖಾಲಿ ಮೈದಾನದಲ್ಲಿ ಕೂತಿದ್ದರು.