ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕರ್ಕ್ಯುಮಿನ್ ಔಷಧಿ ಯಾಕಾಗಲಿಲ್ಲ?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳನ್ನು ಅರಿಶಿನದಲ್ಲಿರುವ ಕರ್ಕ್ಯುಮಿನ್ ಲ್ಯಾಬ್‌ನಲ್ಲಿ ಕೊಲ್ಲುತ್ತದೆ ಅಂತ ಓದಿದ್ದೀರಿ. ನಿಮ್ಮ ಚಿಕ್ಕಪ್ಪನಿಗೆ ಅದರ ಕ್ಯಾಪ್ಸೂಲ್ ಕೊಡಬಹುದಾ ಅಂತ ಕೇಳಿದ್ದೀರಿ.

ಕೊಲ್ಲುವುದು ನಿಜ. ಕೆಲವು ವರ್ಷ ನಾನೂ ಈ ಕೋಶಗಳನ್ನು ಬೆಳೆಸಿದ್ದೇನೆ. ಹೆಚ್ಚಾಗಿ ಬಳಸುವುದು ಪ್ಯಾಂಕ್-1, ಮಿಯಾ ಪಾಕಾ-2 ಎಂಬ ಎರಡು ಬಗೆಯ ಕೋಶಗಳನ್ನು. ಎರಡೂ 1970ರ ದಶಕದಲ್ಲಿ ರೋಗಿಗಳ ಗೆಡ್ಡೆಯಿಂದ ತೆಗೆದವು, ಇವತ್ತಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಲೇ ಇವೆ. 96 ಗುಳಿಗಳ ಪ್ಲೇಟಿನಲ್ಲಿ ಕರ್ಕ್ಯುಮಿನ್ ಹಾಕಿ ಎರಡು ದಿನ ಬಿಟ್ಟರೆ, ತಳಕ್ಕೆ ಅಂಟಿದ್ದ ಕೋಶಗಳು ಗುಂಡಗಾಗಿ ಕಿತ್ತು ಬರುತ್ತವೆ. ಅವುಗಳನ್ನು ಬದುಕಿಸಿಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಕೆಲಸ ಕುಗ್ಗುತ್ತದೆ.

ಅಳೆಯುವುದರಲ್ಲಿ ಮೋಸ ಹೋಗುವುದು ಸುಲಭ. ಎಂಟಿಟಿ ಎಂಬ ಹಳದಿ ಬಣ್ಣವನ್ನು ಜೀವಂತ ಕೋಶ ನೇರಳೆ ಮಾಡುತ್ತದೆ. ನೇರಳೆ ಕಮ್ಮಿಯಾದರೆ ಕೋಶ ಸತ್ತಿರಬಹುದು, ಸುಮ್ನೆ ಬೆಳೆಯೋದು ನಿಲ್ಲಿಸಿರಲೂಬಹುದು. ಕರ್ಕ್ಯುಮಿನ್ ನೀರಿನಲ್ಲಿ ಕರಗಲ್ಲ, ಡಿಎಂಎಸ್‌ಒ ಎಂಬ ದ್ರಾವಕ ಬೇಕು. ಮೊದಲ ಸಲ ನಾನು ಬರೀ ಡಿಎಂಎಸ್‌ಒ ಹಾಕಿದ ಗುಳಿಗಳನ್ನು ಇಡಲು ಮರೆತಿದ್ದೆ. ಗ್ರಾಫ್ ಎಷ್ಟು ಚೆನ್ನಾಗಿ ಬಂತು ಅಂದರೆ ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ! ಎರಡನೇ ಸಲ ಸರಿಯಾಗಿ ಮಾಡಿದಾಗ ಗೊತ್ತಾಯಿತು, ನಾನು ಜಾಸ್ತಿ ಸುರಿದಿದ್ದ ಡಿಎಂಎಸ್‌ಒ ಕೂಡ ಕೋಶಗಳನ್ನು ಕೊಲ್ಲುತ್ತಿತ್ತು.

ಇದೆಲ್ಲ ಸರಿಮಾಡಿಕೊಂಡರೂ ಅಸಲಿ ತೊಂದರೆ ಪ್ರಮಾಣದ್ದು. ಪ್ಲೇಟಿಗೆ ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಹಾಕುತ್ತಾರೆ. 10 ಅಂದರೆ ಮಿಲಿಲೀಟರಿಗೆ ಸುಮಾರು 3,700 ನ್ಯಾನೋಗ್ರಾಂ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕ್ಯಾನ್ಸರಿನ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ ಹೆಚ್ಚೆಂದರೆ ಸುಮಾರು 40 ನ್ಯಾನೋಗ್ರಾಂ. ನೂರರಲ್ಲಿ ಒಂದು ಪಾಲು! ಕರುಳು ಹೀರುವುದೇ ಕಮ್ಮಿ, ಹೀರಿದ್ದನ್ನೂ ಕರುಳು ಮತ್ತು ಲಿವರ್ ಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಪರಿಣಾಮ ಅಳೆಯಲು ಸಾಧ್ಯವಾದ 21 ಜನರಲ್ಲಿ ಇಬ್ಬರಿಗೆ ಮಾತ್ರ ಏನಾದರೂ ಕಂಡಿತು. ಜೊತೆಗೆ ಈ ಗೆಡ್ಡೆಯ ಸುತ್ತ ನಾರಿನಂಥ ದಟ್ಟ ಅಂಗಾಂಶ ಇರುತ್ತದೆ. ರಕ್ತಕ್ಕೆ ನೇರ ಕೊಡುವ ಕೀಮೋ ಔಷಧಿಯೇ ಅದರೊಳಗೆ ನುಗ್ಗಲು ಒದ್ದಾಡುತ್ತದೆ. ಪ್ಲೇಟಿನ ಕೋಶಗಳಿಗೆ ಆ ಗೋಡೆ ಎಲ್ಲಿದೆ?

ಚಿಕ್ಕಪ್ಪನವರಿಗೆ ಕೀಮೋ ನಡೆಯುತ್ತಿದ್ದರೆ ಅವರ ವೈದ್ಯರನ್ನು ಕೇಳದೆ ಕ್ಯಾಪ್ಸೂಲ್ ಶುರು ಮಾಡಬೇಡಿ. ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಉದಾಹರಣೆಗಳೂ ಇವೆ.